ಹಣೆಪಟ್ಟಿ ಬಿಡಿ, ನೋಟ್‌ಬುಕ್ ನೋಡಿ

ಪ್ರಶ್ನೆ: ಮಗ ಒಂಬತ್ತನೇ ತರಗತಿ. ಗಣಿತದಲ್ಲಿ ಹಿಂದಿದ್ದಾನೆಂದು ಆನ್‌ಲೈನ್ ಟ್ಯೂಷನ್‌ಗೆ ಸೇರಿಸಿದೆವು. ಮೊದಲ ದಿನವೇ ಪ್ರಶ್ನೆಪಟ್ಟಿ ತುಂಬಿಸಿಕೊಂಡು ‘ಇವನು ವಿಷುವಲ್ ಲರ್ನರ್, ನೋಡಿ ಕಲಿಯುವವನು’ ಎಂದರು. ಆಮೇಲೆ ಬರೀ ವಿಡಿಯೋ. ಅಂಕ ಏರಿಲ್ಲ. ಪುಸ್ತಕ ತೆಗಿ ಅಂದರೆ ‘ಓದಿದ್ರೆ ನಂಗೆ ತಲೆಗೆ ಹತ್ತಲ್ಲಮ್ಮ, ನಾನು ವಿಷುವಲ್’ ಅನ್ನುತ್ತಾನೆ. ಈಗ ಅವನ ಕಲಿಕಾ ಶೈಲಿಗೆ ತಕ್ಕ ವಿಶೇಷ ಪ್ಯಾಕೇಜ್ ಇದೆ, ಇನ್ನಷ್ಟು ಶುಲ್ಕ ಕಟ್ಟಿ ಎನ್ನುತ್ತಿದ್ದಾರೆ. ಕಟ್ಟಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಕಟ್ಟಬೇಡಿ ತಾಯಿ.

ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂಬ ವಿಂಗಡಣೆ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರ ‘ವಾರ್ಕ್’ ಪ್ರಶ್ನಾವಳಿಯಿಂದ 1990ರ ದಶಕದಲ್ಲಿ ಹೆಸರುವಾಸಿಯಾಯಿತು. ಶೈಲಿಗೆ ತಕ್ಕಂತೆ ಕಲಿಸಿದರೆ ಕಲಿಕೆ ಹೆಚ್ಚುತ್ತದೆಯೇ ಎಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು ಅದುವರೆಗಿನ ಅಧ್ಯಯನಗಳನ್ನು ಜಾಲಾಡಿ, 2008ರಲ್ಲಿ ಅದಕ್ಕೆ ತಕ್ಕ ಪುರಾವೆ ಇಲ್ಲ ಎಂದರು. ಮಕ್ಕಳಿಗೆ ಇಷ್ಟಾನಿಷ್ಟ ಇರುವುದು ನಿಜ. ಆದರೆ ಯಾವುದನ್ನು ಹೇಗೆ ಕಲಿಸಬೇಕೆಂದು ಬಹುಮಟ್ಟಿಗೆ ನಿರ್ಧರಿಸುವುದು ಪಾಠವೇ. ರೇಖಾಗಣಿತಕ್ಕೆ ಎಲ್ಲರಿಗೂ ಚಿತ್ರ ಬೇಕು, ಇಂಗ್ಲಿಷ್ ಉಚ್ಚಾರಣೆಗೆ ಎಲ್ಲರಿಗೂ ಕಿವಿ ಬೇಕು.

ನನಗೆ ಹೆಚ್ಚು ಕಳವಳವಾದದ್ದು ಮಗನ ಮಾತು ಕೇಳಿ. ಹದಿನಾಲ್ಕರ ಹುಡುಗ ‘ಓದು ನನ್ನ ಕೈಲಾಗದು’ ಎಂದು ನಂಬಿ ಕೂತಿದ್ದಾನೆ. ಆ ಹಣೆಪಟ್ಟಿಯನ್ನು ಮೊದಲು ಕಿತ್ತು ಹಾಕಬೇಕು.

ಹಾಗಾದರೆ ಒಬ್ಬನನ್ನೇ ಕೂರಿಸಿ ಕಲಿಸುವ ಟ್ಯೂಷನ್‌ನ ಲಾಭವೇನು? ಮಗು ಎಲ್ಲಿ ಎಡವುತ್ತದೆ ಎಂದು ಅಲ್ಲೇ ಹಿಡಿಯಬಹುದು. 10 − (4 − 7) ಎಷ್ಟು ಎಂದು ಮಗನನ್ನು ಕೇಳಿ. ಉತ್ತರ 13. ಅವನು −1 ಎಂದರೆ, ಆವರಣ ಬಿಡಿಸುವಾಗ 7ರ ಹಿಂದಿನ ಚಿಹ್ನೆ ಬದಲಿಸಿಲ್ಲ ಎಂದರ್ಥ. ಇದೊಂದು ತಪ್ಪು ಉಳಿದರೆ ಬೀಜಗಣಿತದಲ್ಲಿ ಹೆಜ್ಜೆಹೆಜ್ಜೆಗೂ ಕಾಡುತ್ತದೆ, ಎಷ್ಟು ಬಣ್ಣದ ವಿಡಿಯೋ ತೋರಿಸಿದರೂ ಅಷ್ಟೇ. ಆದರೆ ಕ್ಯಾಮೆರಾ ಹುಡುಗನ ಮುಖಕ್ಕೆ ತಿರುಗಿದ್ದರೆ ಮೇಷ್ಟ್ರಿಗೆ ಇದು ಕಾಣುವುದಾದರೂ ಹೇಗೆ? ಮನೆಯಲ್ಲಿ ಇನ್ನೊಂದು ಫೋನ್ ಇದ್ದರೆ ಅದನ್ನು ನೋಟ್‌ಬುಕ್ಕಿನ ಮೇಲೆ ಬಾಗಿಸಿ ನಿಲ್ಲಿಸಿ. ಅವನು ಬರೆಯುವ ಒಂದೊಂದು ಸಾಲೂ ಅವರಿಗೆ ಕಾಣಲಿ, ಯಾಕೆ ಹಾಗೆ ಬರೆದ ಎಂದು ಅವನೇ ಬಾಯಿಬಿಟ್ಟು ಹೇಳಲಿ.

ಒಂದು ತರಗತಿ ಪಕ್ಕದಲ್ಲಿ ಕೂತು ಗಮನಿಸಿ. ಹೆಚ್ಚು ಮಾತಾಡಿದ್ದು ಮೇಷ್ಟ್ರೋ, ಮಗನೋ? ಹಿಂದಿನ ವಾರದ್ದನ್ನು ಪುಸ್ತಕ ಮುಚ್ಚಿಸಿ ಕೇಳಿದರೇ? ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ, ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ವಾರದ ನಂತರ ಮುಂದಿದ್ದವರು ನೋಡದೆ ನೆನಪಿಸಿಕೊಂಡು ಬರೆದಿದ್ದವರು. ವಿಡಿಯೋ ನೋಡಿದಾಗ ಎಲ್ಲ ತಿಳಿದಂತಾಗಿ ಪರೀಕ್ಷೆಯಲ್ಲಿ ಕೈಕೊಡುವುದೂ ಇದೇ ಕಾರಣಕ್ಕೆ ಎಂದು ನನ್ನ ಅಂದಾಜು.

ಈಗಿರುವ ಮೇಷ್ಟ್ರಿಗೇ ಇದನ್ನೆಲ್ಲ ಹೇಳಿ ನೋಡಿ. ಒಪ್ಪಿದರೆ ಬದಲಿಸುವ ಅಗತ್ಯವಿಲ್ಲ.

ಇನ್ನೊಂದು ಮಾತು. ಕನ್ನಡವನ್ನೂ ತಡವರಿಸಿ ಓದುತ್ತಾನೆಯೇ, ಅಕ್ಷರ ಅದಲುಬದಲು ಮಾಡುತ್ತಾನೆಯೇ? ಹಾಗಿದ್ದರೆ ಅದು ಶೈಲಿಯ ವಿಷಯ ಇರಲಾರದು. ಮೊದಲು ಕಣ್ಣು ತೋರಿಸಿ, ಆಮೇಲೆ ಮಕ್ಕಳ ಮನೋತಜ್ಞರಲ್ಲಿ ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ನ್ಯೂನತೆಯೂ ಸೇರಿದೆ. ಎಸ್ಸೆಸ್ಸೆಲ್ಸಿಗೆ ಇನ್ನೂ ಸಮಯವಿದೆ, ಅನುಮಾನವಿದ್ದರೆ ಈ ವರ್ಷವೇ ಹೋಗಿಬನ್ನಿ.