ಡೈರಿಯ ಕೊನೆಯ ಕಾಲಂ

2019ರ ಬೇಸಿಗೆ. ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲನಾಗಿ ನಮ್ಮೂರ ಜೈಲಿಗೆ ಹೋಗಿದ್ದೆ. ಬ್ಯಾರಕ್ಕಿನ ಕಂಬಿಯಾಚೆಯಿಂದ ಒಬ್ಬ ಹುಡುಗ ಕೈ ಮುಗಿದ. ‘ಸರ್, ನನ್ನ ಬೇಲ್ ಏನಾತ್ರಿ?’

ಗುರುತು ಹತ್ತಿದ್ದೇ ಎದೆ ಧಸಕ್ಕೆಂದಿತು. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು, ಮೊಬೈಲ್ ಕಳವಿನ ಕೇಸು. ಮೂರು ತಿಂಗಳ ಹಿಂದೆಯೇ ನಾನೇ ಜಾಮೀನು ಕೊಡಿಸಿದ್ದೆ. ಆದೇಶವಾದ ಸಂಜೆ ಡೈರಿಯಲ್ಲಿ ಅವನ ಹೆಸರಿಗೆ ಗೆರೆ ಎಳೆದು ಮರೆತೂ ಬಿಟ್ಟಿದ್ದೆ.

‘ನಮ್ಮ ಮಾವ ಪಹಣಿ ತಗೊಂಡು ಬಂದಿದ್ರಿ. ಆ ಊರಿನ ಹೊಲ ನಡಿಯಂಗಿಲ್ಲ, ಇಲ್ಲಿಯವರದೇ ಶ್ಯೂರಿಟಿ ಬೇಕು ಅಂದ್ರಂತ. ವಾಪಸ್ ಹೋದ್ರು.’ ಆ ಮಾವನಿಗೆ ನನ್ನ ಫೋನ್ ನಂಬರನ್ನೂ ನಾನು ಕೊಟ್ಟಿರಲಿಲ್ಲ.

ಅವನ ಬ್ಯಾರಕ್ಕಿನಲ್ಲಿ ರಾತ್ರಿ ಒಬ್ಬ ಮಗ್ಗುಲು ಬದಲಿಸಿದರೆ ಸಾಲಿನವರೆಲ್ಲ ಬದಲಿಸಬೇಕಿತ್ತು. ಶೌಚಾಲಯಕ್ಕೆ ನಸುಕಿನಲ್ಲೇ ಸರದಿ. ಅಲ್ಲಿ ಒಂದು ಚಾಪೆಯಷ್ಟು ಜಾಗ ನನ್ನ ಅಸಡ್ಡೆಯಿಂದ ತುಂಬಿತ್ತು.

ಮರುದಿನವೇ ಷರತ್ತು ಸಡಿಲಿಸಲು ಅರ್ಜಿ ಹಾಕಿದೆ. ಆಧಾರಕ್ಕೆ ಸಿಕ್ಕಿದ್ದು ಸುಪ್ರೀಂ ಕೋರ್ಟಿನ 1978ರ ಮೋತಿರಾಮ್ ಪ್ರಕರಣದ ತೀರ್ಪು. ಆತನೂ ಗಾರೆಯವನೇ. ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ತಿರಸ್ಕರಿಸಿದ್ದರು. ಅದು ತಪ್ಪೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದು ನಲವತ್ತು ವರ್ಷ ದಾಟಿದ್ದರೂ ನನ್ನ ಕಕ್ಷಿದಾರ ಅದೇ ಕಾರಣಕ್ಕೆ ಒಳಗಿದ್ದ. ವಾರದೊಳಗೆ ಹೊರಬಂದ.

ಜೈಲು ಕಿಕ್ಕಿರಿದಿದೆ ಎಂದಾಗಲೆಲ್ಲ ಹೊಸ ಕಟ್ಟಡದ ಮಾತು ಬರುತ್ತದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಜಾಗವಿದ್ದದ್ದು 4.36 ಲಕ್ಷ ಮಂದಿಗೆ, ಇದ್ದವರು 5.73 ಲಕ್ಷ. ಅವರಲ್ಲಿ ನೂರಕ್ಕೆ 76ರಷ್ಟು ಜನ ವಿಚಾರಣಾಧೀನರು, ಅಪರಾಧ ಇನ್ನೂ ಸಾಬೀತಾಗದವರು. ಇಟ್ಟಿಗೆ ಜೋಡಿಸುವ ಮೊದಲು ಇವರ ಕಡತ ಬಿಚ್ಚಬೇಕು.

ಅದಕ್ಕೆ ದಾರಿ ಈಗಾಗಲೇ ಇದೆ. ಜಾಮೀನಾಗಿ ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳು ಕಳೆದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು, ಸ್ಥಳೀಯ ಜಾಮೀನುದಾರರೇ ಬೇಕೆಂಬ ಹಟ ಬೇಡ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಬಡ ವಿಚಾರಣಾಧೀನರ ಜಾಮೀನಿಗೆ ಆರಂಭದಲ್ಲಿ 40,000 ರೂಪಾಯಿವರೆಗೆ ನೆರವು ನಿಗದಿಪಡಿಸಿದ್ದ ಕೇಂದ್ರದ ಯೋಜನೆಯೂ ಅದೇ ವರ್ಷ ಬಂತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಲ್ಲಿ, ಹಿಂದೆ ಯಾವ ಅಪರಾಧದಲ್ಲೂ ದೋಷಿಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡಿನ ಮೇಲೆ ಬಿಡಬೇಕೆಂದಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಪ್ರಕರಣಗಳಿಗೆ, ಹಲವು ಕೇಸು ಬಾಕಿಯಿರುವವರಿಗೆ ಇದು ಅನ್ವಯಿಸದು.

ಆದರೆ ಕಲಮು ತಾನಾಗಿ ಎದ್ದು ಜೈಲಿನ ಬಾಗಿಲು ತೆಗೆಯುವುದಿಲ್ಲ. ದಿನ ಲೆಕ್ಕ ಹಾಕುವವರು, ಅರ್ಜಿ ಬರೆಯುವವರು, ಊರಿಗೆ ಫೋನ್ ಮಾಡುವವರು ಬೇಕು.

ಈಗ ನನ್ನ ಡೈರಿಯಲ್ಲಿ ಒಂದು ಕಾಲಂ ಹೆಚ್ಚಿದೆ: ‘ಮನೆ ಸೇರಿದನೇ?’ ಅದು ತುಂಬುವ ತನಕ ಹೆಸರಿಗೆ ಗೆರೆ ಎಳೆಯುವುದಿಲ್ಲ. ಕಿರಿಯ ವಕೀಲರಲ್ಲಿ ನನ್ನದೊಂದೇ ಕೋರಿಕೆ: ಜಾಮೀನು ಆದೇಶ ಕೈಗೆ ಬಂದ ದಿನ ಕೇಸು ಮುಗಿಯಿತೆಂದು ತಿಳಿಯಬೇಡಿ.