ಎತ್ತರ–ದೂರದ ಪಾಠದಲ್ಲಿ ಪ್ರೊಜೆಕ್ಟರ್‌ಗೆ ಎಷ್ಟು ಕೆಲಸ?

ಬೋಧನಾಭ್ಯಾಸಕ್ಕೆ ನನಗೆ ಮಧುಗಿರಿ ತಾಲ್ಲೂಕಿನ ಒಂದು ಪ್ರೌಢಶಾಲೆಯ 10ನೇ ತರಗತಿ ದೊರೆಯಿತು. ಘಟಕ: ತ್ರಿಕೋನಮಿತಿಯ ಅನ್ವಯಗಳು. ಪಾಠಯೋಜನೆಯ ಬೋಧನೋಪಕರಣಗಳ ಅಂಕಣದಲ್ಲಿ ‘ಪ್ರೊಜೆಕ್ಟರ್, ಅನಿಮೇಷನ್ ವಿಡಿಯೊ’ ಎಂದು ಹೆಮ್ಮೆಯಿಂದಲೇ ಬರೆದಿದ್ದೆ. ಮಕ್ಕಳು ಸದ್ದಿಲ್ಲದೆ ನೋಡಿದರು. ಕೊನೆಯಲ್ಲಿ ಧ್ವಜಸ್ತಂಭದ ಚಿತ್ರ ಬರೆದು ಉನ್ನತ ಕೋನ ಗುರುತಿಸಲು ಹೇಳಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಅದನ್ನು ಕಂಬದ ತುದಿಯಲ್ಲಿ ಬರೆದಿದ್ದರು. ಕೋನ ಉಂಟಾಗುವುದು ನೋಡುವವರ ಕಣ್ಣಿನ ಬಳಿ ಎಂಬ ಮೂಲ ಅಂಶವೇ ತಲುಪಿರಲಿಲ್ಲ. ಮಾರ್ಗದರ್ಶಕ ಉಪನ್ಯಾಸಕರು ಕೇಳಿದ್ದು ಒಂದೇ ಪ್ರಶ್ನೆ: “ಈ ಉಪಕರಣ ಇಲ್ಲದಿದ್ದರೆ ಪಾಠದ ಯಾವ ಭಾಗ ನಿಂತುಹೋಗುತ್ತಿತ್ತು?” ನನ್ನ ಬಳಿ ಉತ್ತರವಿರಲಿಲ್ಲ.

ಅದೇ ಪಾಠವನ್ನು ಮತ್ತೆ ಯೋಜಿಸಿದೆ.

ಮೊದಲ ಹಂತ ಮೈದಾನದಲ್ಲಿ. ಕೋನಮಾಪಕದ ನೇರ ಅಂಚಿಗೆ ಪಾನೀಯದ ಕೊಳವೆ ಅಂಟಿಸಿ, ಅದರ ಕೇಂದ್ರಬಿಂದುವಿಗೆ ದಾರದಲ್ಲಿ ಸಣ್ಣ ಕಲ್ಲು ಕಟ್ಟಿದೆವು. ಕೊಳವೆಯಲ್ಲಿ ಕಂಬದ ತುದಿ ನೋಡಿದಾಗ ದಾರ 90ರಿಂದ ಎಷ್ಟು ಸರಿಯುತ್ತದೆಯೋ ಅಷ್ಟೇ ಉನ್ನತ ಕೋನ. 45° ಸಿಗುವವರೆಗೆ ಹಿಂದೆ ಸರಿಯಲು ಹೇಳಿದೆ. ಒಂದು ಗುಂಪಿಗೆ ಅದು 6 ಮೀಟರ್ ದೂರದಲ್ಲಿ ಸಿಕ್ಕಿತು. ಕಣ್ಣಿನ ಮಟ್ಟ 1.4 ಮೀಟರ್. ಕಂಬದ ಎತ್ತರ 7.4 ಮೀಟರ್. ಕಣ್ಣಿನ ಎತ್ತರ ಕೂಡಿಸಬೇಕೆಂದು ನಾನು ಹೇಳಬೇಕಾಗಲಿಲ್ಲ. ಕುಳ್ಳಗಿನ ಹುಡುಗಿಯೊಬ್ಬಳೇ, “ಸಾರ್, ನಾನು ನೋಡೋದು ನೆಲದಿಂದ ಅಲ್ಲವಲ್ಲ” ಎಂದಳು.

ಎರಡನೇ ಹಂತ ತರಗತಿಯಲ್ಲಿ. ಪ್ರಶ್ನೆ: ಕಣ್ಣಿನ ಮಟ್ಟಕ್ಕಿಂತ 10 ಮೀಟರ್ ಎತ್ತರದ ತುದಿಯನ್ನು 10 ಮೀಟರ್ ದೂರದಿಂದ ನೋಡಿದರೆ ಕೋನ 45°. ದೂರ ಅರ್ಧವಾದರೆ ಕೋನ ಎಷ್ಟು? ಊಹೆಯನ್ನು ನೋಟ್‌ಬುಕ್‌ನಲ್ಲಿ ಬರೆಸಿದೆ. ಬಹುತೇಕರದು 90°. ಆಮೇಲೆಯೇ ಪ್ರೊಜೆಕ್ಟರ್ ಹಚ್ಚಿದೆ. ಜಿಯೋಜಿಬ್ರಾದಲ್ಲಿ ಮೊದಲೇ ರಚಿಸಿಟ್ಟಿದ್ದ ತ್ರಿಭುಜದ ಬಿಂದುವನ್ನು ಮಕ್ಕಳೇ ಎಳೆದರು. 20 ಮೀಟರ್‌ಗೆ 26.6°, 10ಕ್ಕೆ 45°, 5ಕ್ಕೆ 63.4°. ದೂರ ಅರ್ಧವಾದಾಗ ಇಮ್ಮಡಿಯಾಗುವುದು ಕೋನವಲ್ಲ, ಅದರ ಟ್ಯಾನ್ ಬೆಲೆ ಎಂದು ಪಟ್ಟಿ ಮಾಡಿ ಕಂಡುಕೊಂಡರು. ಕಪ್ಪುಹಲಗೆಯಲ್ಲಿ ಇಷ್ಟು ಚಿತ್ರ ಬರೆಯಲು ಅವಧಿಯೇ ಸಾಲದು. ಉಪನ್ಯಾಸಕರ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ತಂತ್ರಜ್ಞಾನ ಬಳಸಿದ್ದು ಎಂಟೇ ನಿಮಿಷ.

ಮೂರನೇ ಹಂತ ಮತ್ತೆ ಅದೇ ಮೌಲ್ಯಮಾಪನ. ಈ ಸಲ ಕೋನವನ್ನು ತಪ್ಪು ಜಾಗದಲ್ಲಿ ಬರೆದವರು ಮೂವರು. ಅವರನ್ನು ಮರುದಿನ ಮತ್ತೆ ಕಂಬದ ಬಳಿ ನಿಲ್ಲಿಸಿದೆ.

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಿಗೆ ಹೋಗುವ ಸಹಪಾಠಿಗಳಿಗೆ ಕೆಲವು ಮಾತು. ಬೇಕಾದ ಕಡತವನ್ನು ಹಿಂದಿನ ದಿನವೇ ಇಳಿಸಿಕೊಳ್ಳಿ. ಜಿಯೋಜಿಬ್ರಾ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ, ದೀಕ್ಷಾದ ವಿಡಿಯೊಗಳನ್ನೂ ಮೊದಲೇ ಉಳಿಸಿಕೊಳ್ಳಬಹುದು. ಕರೆಂಟ್ ಹೋದರೆ ಬಳಸಲು ಮೂರು ಚಿತ್ರಗಳ ಚಾರ್ಟ್ ಜೊತೆಗಿರಲಿ. ಊಹೆ ಬರೆಸದೆ ಪರದೆ ತೋರಿಸಬೇಡಿ. ಉದಾಹರಣೆಗಳನ್ನು ಊರಿನಿಂದಲೇ ಆರಿಸಿ: ಪಾವಗಡದ ಕೋಟೆ ಬೆಟ್ಟ, ಕೊರಟಗೆರೆಯ ಸಿದ್ಧರ ಬೆಟ್ಟ, ಶಿರಾದ ಮಲಿಕ್ ರೆಹಾನ್ ದರ್ಗಾ.

ಪಾಠ ಮುಗಿದಾಗ ಹಿಂದಿನ ಬೆಂಚಿನ ಹುಡುಗ ಕಿಟಕಿಯಾಚೆಯ ಏಕಶಿಲಾ ಬೆಟ್ಟ ತೋರಿಸಿ ಕೇಳಿದ: “ಸಾರ್, ಬೆಟ್ಟದ ತುದಿಯ ನೇರ ಕೆಳಗಿನ ಜಾಗಕ್ಕೆ ಹೋಗೋಕಾಗಲ್ಲ. ದೂರ ಹೇಗೆ ಅಳೆಯೋದು?” ಒಂದೇ ಸಾಲಿನಲ್ಲಿ ಎರಡು ಕಡೆ ನಿಂತು ಎರಡು ಕೋನ ಅಳೆಯುವ ಮುಂದಿನ ಪಾಠಕ್ಕೆ ಅದೇ ಪೀಠಿಕೆಯಾಯಿತು.