ಖಾಲಿ ಪುಟ ಕಲಿಸಿದ ಪಾಠ

ತರಗತಿ: ದ್ವಿತೀಯ ಪಿಯುಸಿ, ಗಣಕ ವಿಜ್ಞಾನ
ಪಾಠಾಂಶ: ಉಬುಂಟು ಸರ್ವರ್‌ನಲ್ಲಿ ಪಿಎಚ್‌ಪಿ–ಪೈಥಾನ್ ಜೋಡಣೆ

ಮೂರು ಅಂಕಗಳ ಸರಾಸರಿ ತೆಗೆಯುವ ಪೈಥಾನ್ ಪ್ರೋಗ್ರಾಂ ಅನ್ನು ಮೊದಲು ಟರ್ಮಿನಲ್‌ನಲ್ಲಿ ನಡೆಸಿ ತೋರಿಸಿದೆ; ಉತ್ತರ ಬಂತು. ಅದನ್ನೇ ಪಿಎಚ್‌ಪಿಯ ‘ಶೆಲ್ ಎಕ್ಸೆಕ್’ ಫಂಕ್ಷನ್ ಮೂಲಕ ಕರೆದಾಗ ಬ್ರೌಸರ್‌ನಲ್ಲಿ ಖಾಲಿ ಪುಟ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ಬರೆದುಕೊಳ್ಳುತ್ತಿದ್ದರು.

ಆಗ ಒಬ್ಬ ವಿದ್ಯಾರ್ಥಿನಿ, “ಮಿಸ್, ನೀವು ಓಡಿಸಿದ್ರೆ ಬರುತ್ತೆ, ಪೇಜ್ ಓಡಿಸಿದ್ರೆ ಯಾಕೆ ಬರಲ್ಲ?” ಎಂದಳು. ಪಾಠ ಯೋಜನೆ ಬದಿಗಿಟ್ಟು ಆ ಪ್ರಶ್ನೆಯನ್ನೇ ಹಲಗೆಯ ಮೇಲೆ ಬರೆದೆ. ಎರಡೂ ಕಡೆ ‘ಹೂ-ಆಮ್-ಐ’ ಆಜ್ಞೆ ಕೊಟ್ಟೆವು. ಟರ್ಮಿನಲ್‌ನಲ್ಲಿ ನನ್ನ ಹೆಸರು, ಪುಟದಲ್ಲಿ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’. ವೆಬ್ ಸರ್ವರ್ ಬೇರೆ ಬಳಕೆದಾರನಾಗಿ ನಡೆಯುತ್ತದೆ. ನನ್ನ ಹೋಮ್ ಫೋಲ್ಡರ್ ಒಳಗಿನ ಕಡತ ಓದಲು ಅದಕ್ಕೆ ಅನುಮತಿ ಇರಲಿಲ್ಲ. ಆ ಫಂಕ್ಷನ್ ದೋಷಸಂದೇಶವನ್ನು ಹಿಂದಿರುಗಿಸುವುದಿಲ್ಲ, ಅದಕ್ಕೇ ಪುಟ ಖಾಲಿ. ಆಜ್ಞೆಯ ಕೊನೆಗೆ ‘2>&1’ ಸೇರಿಸಿದಾಗ ‘ಪರ್ಮಿಷನ್ ಡಿನೈಡ್’ ಕಾಣಿಸಿತು. ಕಡತವನ್ನು ಹೋಮ್ ಫೋಲ್ಡರ್‌ನಿಂದ ಹೊರಗಿಟ್ಟು ಓದುವ ಅನುಮತಿ ಕೊಟ್ಟೆವು, ಸರಾಸರಿ ಬಂತು.

ಆತ್ಮಾವಲೋಕನ: ಯೋಜನೆಯಲ್ಲಿ ಆಜ್ಞೆ ಬರೆದಿದ್ದೆ, ಅದು ಯಾರ ಹೆಸರಿನಲ್ಲಿ ನಡೆಯುತ್ತದೆಂದು ಬರೆದಿರಲಿಲ್ಲ. ಟರ್ಮಿನಲ್‌ನಲ್ಲಷ್ಟೇ ಪರೀಕ್ಷಿಸಿ ತರಗತಿಗೆ ಬಂದದ್ದು ನನ್ನ ತಪ್ಪು. ಮುಂದಿನ ಸಲ ಖಾಲಿ ಪುಟದಿಂದಲೇ ಪಾಠ ಆರಂಭಿಸುವೆ.